ಇಪ್ಪತ್ತನಾಲ್ಕು ಪಾಲು

ಹಳಿಯಾಳ
16 ಫೆಬ್ರವರಿ 2025, ಭಾನುವಾರ

ತಮ್ಮಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಹ್ಞೂಂ ಅಂದೆನೇ ಹೊರತು ಉತ್ತರ ಕೊಡಲಿಲ್ಲ. ಆ ಕುಳಗಿಯ ನೆಟ್‌ವರ್ಕು ಗೊತ್ತಲ್ಲ, ಕಟ್ಟೆಯ ತುದಿಗೆ ಬಂದು ನಿಂತರೆ ನಿನ್ನ ದನಿ ಅರ್ಧ, ಹಿಂದಿನಿಂದ ಗುಟ್ಕಾ ಕೇಳುವವರ ದನಿ ಅರ್ಧ. ಲೆಕ್ಕದ ಮಾತು ಹಾಗೆ ಆಡಲಿಕ್ಕೆ ಬರುವುದಿಲ್ಲ. ಅದಕ್ಕೇ ಕಾಗದ. ಉರ್ದುವಿನಲ್ಲಿ ಬರೆಯೋಣ ಎಂದರೆ ನಮ್ಮಿಬ್ಬರಿಗೂ ಓದಲಿಕ್ಕೆ ಬರುತ್ತದೆ, ಬರೆಯಲು ಹೋದರೆ ಕೈ ಓಡುವುದಿಲ್ಲ. ಕನ್ನಡ ಶಾಲೆಯ ಮಕ್ಕಳು ನಾವು, ಕನ್ನಡದಲ್ಲೇ ಜಗಳ ಆಡೋಣ.

ನೀನು ಹೇಳಿದ್ದು ಇಷ್ಟು: “ಆಪಾ, ಈ ಸಲ ಝಕಾತಿನ ಚಿಂತೆ ಇಲ್ಲ. ಅಬ್ಬಾನ ಉದ್ರಿ ವಹಿಯಲ್ಲಿ ಇಪ್ಪತ್ತೊಂದು ಸಾವಿರ ಬರದೇ ಬಿದ್ದಿದೆ. ಅದಕ್ಕೆ ಅಡ್ಡಗೀಟು ಹೊಡೆದು ಬಿಡ್ತೀನಿ. ಬಡವರ ಸಾಲ ಮಾಫಾದ ಹಾಗೂ ಆಯ್ತು, ನನ್ನ ಝಕಾತ್ ಹೋದ ಹಾಗೂ ಆಯ್ತು.”

ಜಾಣ ಕಣೋ ನೀನು. ಅಬ್ಬಾ ಇದ್ದಿದ್ದರೆ ಚಷ್ಮಾ ಮೂಗಿನ ತುದಿಗಿಳಿಸಿ ಒಂದು ಸಲ ನೋಡುತ್ತಿದ್ದರು, ಅಷ್ಟೇ.

ಆ ವಹಿ ನನ್ನ ಕೈಬರಹದ್ದು ಅನ್ನುವುದು ನಿನಗೆ ನೆನಪಿರಲಿಕ್ಕಿಲ್ಲ. ನೀನು ಹುಟ್ಟುವ ಮೊದಲಿನ ಪುಟಗಳೂ ಅದರಲ್ಲಿವೆ. ನಾನು ಐದನೇ ಇಯತ್ತೆಯಲ್ಲಿದ್ದಾಗ ಅಬ್ಬಾ ನನ್ನನ್ನು ಬೆಲ್ಲದ ಡಬ್ಬದ ಮೇಲೆ ಕೂರಿಸಿ ಪೆನ್ನು ಕೊಟ್ಟರು. ಅವರಿಗೆ ಬರುತ್ತಿದ್ದದ್ದು ಉರ್ದು. ಗಿರಾಕಿಗಳು ಕುಣಬಿಗಳು, ಗೌಳಿಗಳು, ಸಿದ್ದಿಗಳು, ಅಂಬಿಕಾನಗರದ ಕಾಲೊನಿಯವರು. “ಕೊಡಬೇಕಾದವನಿಗೆ ಓದಲಿಕ್ಕೆ ಬಾರದ ಅಕ್ಷರದಲ್ಲಿ ಅವನ ಸಾಲ ಬರೆಯಬಾರದು” ಅನ್ನುತ್ತಿದ್ದರು. ಹೀಗಾಗಿ ಅಂಗಡಿಯ ವಹಿ ಕನ್ನಡಕ್ಕೆ ಬಂತು. ನಾಗಝರಿಯ ವಿದ್ಯುದಾಗಾರದ ಕೆಲಸ ನಡೆಯುತ್ತಿದ್ದ ಕಾಲಕ್ಕೆ ದಾಂಡೇಲಿಯಿಂದ ಹನ್ನೆರಡು ಕಿಲೋಮೀಟರು ಕಾಡಿನೊಳಗೆ ಬಂದು ಒಂದು ಡಬ್ಬಿ ಅಂಗಡಿ ಇಟ್ಟ ಮನುಷ್ಯ. ಲಾರಿಯವರಿಗೆ ಚಹಾ ಮಾರಿ ಬದುಕು ಶುರು ಮಾಡಿದವರು. ಈಗ ನೀನು ಅದೇ ಜಾಗದಲ್ಲಿ ನೇಚರ್ ಕ್ಯಾಂಪಿಗೆ ಬರುವ ಬೆಂಗಳೂರು, ಗೋವಾದವರಿಗೆ ರೇನ್‌ಕೋಟು, ಟೋಪಿ, ಪವರ್‌ ಬ್ಯಾಂಕು ಮಾರುತ್ತೀ. ಮಂಗಟ್ಟೆ ಹಕ್ಕಿಯ ಚಿತ್ರದ ಟೀ ಶರ್ಟು ಎಷ್ಟಕ್ಕೆ ಕೊಡುತ್ತೀ ಅಂತ ಕೇಳಿ ನನಗೆ ತಲೆ ತಿರುಗಿತು.

ಇರಲಿ. ಉದ್ರಿಗೆ ಆಮೇಲೆ ಬರುತ್ತೇನೆ, ಅಲ್ಲಿ ಹೇಳುವುದು ಬಹಳ ಇದೆ. ಮೊದಲು ತಾರೀಖು.

ರಂಝಾನಿಗೆ ಇನ್ನು ಎರಡು ವಾರ, ಅಷ್ಟರಲ್ಲಿ ಲೆಕ್ಕ ಮಾಡಿದರಾಯಿತು ಅಂತ ನಿನ್ನ ಮನಸ್ಸಿನಲ್ಲಿದೆ. ಊರೆಲ್ಲ ರಂಝಾನಿನಲ್ಲಿ ಕೊಡುವುದು ಪುಣ್ಯ ಹೆಚ್ಚು ಎಂಬ ಆಸೆಗೆ. ಝಕಾತಿಗೆ ಅವರವರದೇ ವರ್ಷ ಇರುತ್ತದೆ. ಯಾವ ದಿನ ನಿನ್ನ ಕೈಯಲ್ಲಿ ನಿಸಾಬಿನಷ್ಟು ಸೊತ್ತು ಬಂತೋ ಆ ದಿನದಿಂದ ಚಂದ್ರಮಾನದ ಹನ್ನೆರಡು ತಿಂಗಳು. ಅಬ್ಬಾ ಹೋದದ್ದು ಹೋದ ವರ್ಷದ ರಜಬ್‌ನಲ್ಲಿ. ಅಂದಿಗೆ ಅವರ ಸೊತ್ತು ನಮ್ಮದಾಯಿತು, ಅಂದಿನಿಂದ ನಮ್ಮ ವರ್ಷ ಓಡಲು ಶುರುವಾಯಿತು. ಈ ರಜಬ್‌ಗೆ ಅದು ತುಂಬಿ ಹೋಯಿತು. ಈಗ ಶಬೆ ಬರಾತೂ ಮುಗಿದಿದೆ. ಅಂದರೆ ನಾವು ಆಗಲೇ ತಡ. ಇನ್ನೊಂದು ಮಾತು, ಬ್ಯಾಂಕಿನವರ ಹಾಗೆ ಮಾರ್ಚ್ 31ಕ್ಕೆ ಲೆಕ್ಕ ಕಟ್ಟಬೇಡ. ಚಂದ್ರನ ವರ್ಷ 354 ದಿನ, ಸೂರ್ಯನದು 365. ಪ್ರತಿ ವರ್ಷ ಹನ್ನೊಂದು ದಿನ ನುಂಗುತ್ತಾ ಹೋದರೆ ಮೂವತ್ಮೂರು ವರ್ಷಕ್ಕೆ ಒಂದು ಪೂರಾ ವರ್ಷದ ಝಕಾತ್ ಬಡವರ ಕೈ ತಪ್ಪುತ್ತದೆ.

ನಿಸಾಬ್ ಅಂದೆ, ಝಕಾತ್ ಕೊಡಲೇಬೇಕಾಗುವ ಕನಿಷ್ಠ ಸೊತ್ತು. ಏಳೂವರೆ ತೊಲೆ ಚಿನ್ನ, ಇಲ್ಲವೇ ಐವತ್ತೆರಡೂವರೆ ತೊಲೆ ಬೆಳ್ಳಿ. ಗ್ರಾಮಿನಲ್ಲಿ 87.48 ಮತ್ತು 612.36. ಪೈಗಂಬರರ ಕಾಲದಲ್ಲಿ ಇಪ್ಪತ್ತು ದೀನಾರು, ಇನ್ನೂರು ದಿರ್ಹಮು ಅಂತ ಇದ್ದದ್ದು ಇದೇ. ಆಗ ಎರಡರ ಬೆಲೆಯೂ ಹೆಚ್ಚುಕಡಿಮೆ ಒಂದೇ ಇತ್ತು. ಈಗ ನೋಡು, ಬೆಳ್ಳಿಯನ್ನು ಗ್ರಾಮಿಗೆ ನೂರು ರೂಪಾಯಿ ಅಂತ ಹಿಡಿದರೆ 61,236 ರೂಪಾಯಿ. ಚಿನ್ನ ಗ್ರಾಮಿಗೆ ಎಂಟು ಸಾವಿರ ದಾಟಿದೆ, ಎಂಟೇ ಅಂತ ಹಿಡಿದರೂ ಏಳು ಲಕ್ಷದ ಹತ್ತಿರ. ಚಿನ್ನದ ಲೆಕ್ಕ ಹಿಡಿದರೆ ನೀನು ಝಕಾತ್ ತೆಗೆದುಕೊಳ್ಳುವವರ ಪಂಕ್ತಿಗೆ, ಬೆಳ್ಳಿಯದು ಹಿಡಿದರೆ ಕೊಡುವವರ ಪಂಕ್ತಿಗೆ. ಇಷ್ಟು ಅಂತರ ಬಂದ ಮೇಲೆ ಚಿನ್ನವನ್ನೇ ಹಿಡಿಯಬೇಕು ಅನ್ನುವ ಆಲಿಮರೂ ಇದ್ದಾರೆ. ಅಬ್ಬಾ ಬೆಳ್ಳಿ ಹಿಡಿಯುತ್ತಿದ್ದರು, ನಮ್ಮ ಹನಫಿ ಹಜರತ್‌ಗಳು ಅಂಗಡಿ ಸರಕಿಗೆ ಬಡವರಿಗೆ ಹೆಚ್ಚು ಉಪಯೋಗ ಆಗುವುದನ್ನು ಹಿಡಿ ಅನ್ನುತ್ತಾರೆ. ನಾವೂ ಅದನ್ನೇ ಹಿಡಿಯೋಣ. ಕೊಡುವವರ ಪಂಕ್ತಿಯಲ್ಲಿ ನಿಲ್ಲುವ ಅವಕಾಶ ಅರವತ್ತೊಂದು ಸಾವಿರಕ್ಕೆ ಸಿಗುತ್ತದೆ ಅಂದರೆ ಅಗ್ಗವೇ.

ಇನ್ನು ಯಾವುದನ್ನು ಎಣಿಸಬೇಕು, ಯಾವುದನ್ನು ಬಿಡಬೇಕು ಅನ್ನುವುದು. ಇದರಲ್ಲಿ ನನಗೆ ಮಕ್ಕಳಿಗೆ ಗಣಿತ ಹೇಳುವಷ್ಟೇ ಖುಷಿ.

ಮಾರಲಿಕ್ಕೆ ತಂದದ್ದಕ್ಕೆ ಝಕಾತ್, ಮಾರಲು ಸಹಾಯ ಮಾಡುವುದಕ್ಕೆ ಇಲ್ಲ. ಗೋಡೆ, ಹಂಚು, ಕಪಾಟು, ತಕ್ಕಡಿ, ಫ್ರಿಜ್ಜು, ನಿನ್ನ ಓಮ್ನಿ, ಇವು ಯಾವುದೂ ಲೆಕ್ಕಕ್ಕಿಲ್ಲ. ಅಕ್ಕಿ, ಬೇಳೆ, ಸೋಪು, ಬಿಸ್ಕಿಟು, ಆ ಮಂಗಟ್ಟೆ ಟೀ ಶರ್ಟು ಎಲ್ಲ ಲೆಕ್ಕಕ್ಕೆ ಇದೆ. ಒಂದು ವಾರದ ಹಿಂದೆ ಬಂದ ಸರಕಿಗೆ ವರ್ಷ ಎಲ್ಲಿ ತುಂಬಿತು ಅಂತ ಕೇಳಬೇಡ. ವರ್ಷ ತುಂಬಬೇಕಾದ್ದು ವ್ಯಾಪಾರಕ್ಕೆ, ಒಂದೊಂದು ಬಿಸ್ಕಿಟ್ ಪೊಟ್ಟಣಕ್ಕೆ ಅಲ್ಲ. ನಡುವೆ ಮಳೆಗಾಲದಲ್ಲಿ ಅಂಗಡಿ ಅರ್ಧ ಖಾಲಿಯಾಗಿದ್ದರೂ ವರ್ಷದ ಎರಡೂ ತುದಿಗೆ ನಿಸಾಬ್ ಇದ್ದರೆ ಸಾಕು.

ಅಂಗಡಿಯಲ್ಲಿ ನೀನು ಇಟ್ಟ ಚಹಾ ಮೇಜಿನ ಲೆಕ್ಕ ಕಷ್ಟ. ಹಳೆಯ ಫಿಕಹ್‌ ಕಿತಾಬುಗಳಲ್ಲಿ ಇದಕ್ಕೊಂದು ಚಂದದ ತಕರಾರು ಇದೆ. ಬಟ್ಟೆಗೆ ಬಣ್ಣ ಹಾಕುವವನು ಬಣ್ಣ ತಂದು ಇಟ್ಟಿರುತ್ತಾನೆ, ಬಟ್ಟೆ ಒಗೆಯುವವನು ಸೋಪು. ಇಬ್ಬರದೂ ಕಸುಬಿನ ಸಾಮಾನೇ. ಆದರೂ ಬಣ್ಣಕ್ಕೆ ಝಕಾತ್ ಇದೆ, ಸೋಪಿಗೆ ಇಲ್ಲ. ಯಾಕೆ ಹೇಳು? ಬಣ್ಣ ಗಿರಾಕಿಯ ಬಟ್ಟೆಗೆ ಹತ್ತಿ ಅವನ ಮನೆಗೆ ಹೋಗುತ್ತದೆ, ಅದಕ್ಕೆ ಅವನು ದುಡ್ಡು ಕೊಟ್ಟಿದ್ದಾನೆ. ಸೋಪು ನೀರಿನಲ್ಲಿ ಹರಿದು ಹೋಗುತ್ತದೆ. ಇದನ್ನು ಓದಿದ ದಿನ ನಾನು ತರಗತಿಯಲ್ಲಿ ನಿಂತಲ್ಲೇ ನಕ್ಕಿದ್ದೆ, ಮಕ್ಕಳು ಮಿಕಮಿಕ ನೋಡಿದವು. ಈಗ ನಿನ್ನ ಮೇಜಿಗೆ ಹಚ್ಚು. ಚಹಾಪುಡಿ, ಸಕ್ಕರೆ, ಹಾಲಿನ ಪುಡಿ, ಬನ್ನು ಗಿರಾಕಿಯ ಹೊಟ್ಟೆಗೆ ಹೋಗುವ ಬಣ್ಣ. ಗ್ಯಾಸ್ ಸಿಲಿಂಡರು, ಲೋಟ ತೊಳೆಯುವ ಪುಡಿ ಅಗಸನ ಸೋಪು. ಬಿಟ್ಟುಬಿಡು.

ಬೆಲೆ ಯಾವುದು? ನೀನು ತಂದ ಬೆಲೆ ಹಿಡಿಯುವ ಹಾಗಿಲ್ಲ, ಇವತ್ತು ಮಾರಿದರೆ ಬರುವ ಬೆಲೆ ಹಿಡಿ. ಅವಧಿ ಮುಗಿದ ಚಿಪ್ಸು, ಹೆಗ್ಗಣ ಕಡಿದ ಅಕ್ಕಿ ಚೀಲಕ್ಕೆ ಮಾರುವ ಬೆಲೆ ಸೊನ್ನೆ, ಸೊನ್ನೆಯೇ ಹಿಡಿ. ಆದರೆ ಅದೇ ಚಿಪ್ಸನ್ನು ಎಂ.ಆರ್.ಪಿ. ಹಾಕಿ ಝಕಾತ್ ಅಂತ ಯಾರ ಮನೆಗೂ ಕಳಿಸಕೂಡದು. ದುಡ್ಡಿನ ಬದಲು ಸಾಮಾನು ಕೊಡಲಿಕ್ಕೆ ನಮ್ಮಲ್ಲಿ ಅಡ್ಡಿಯಿಲ್ಲ. ಕೊಡುವ ಅಕ್ಕಿ ಮಾತ್ರ ಅಮ್ಮಿ ಅನ್ನಕ್ಕಿಡುವ ಅಕ್ಕಿ ಆಗಿರಬೇಕು.

ಗಲ್ಲೆಯ ದುಡ್ಡು, ಬ್ಯಾಂಕಿನದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಬಂದದ್ದು ಸೇರಿಸು. ಖಾತೆಗೆ ಬಿದ್ದ ಬಡ್ಡಿ ಸೇರಿಸಬೇಡ. ಅದು ನಮ್ಮದಲ್ಲ, ಪುಣ್ಯದ ಆಸೆ ಇಲ್ಲದೆ ಬೇರೆಯಾಗಿ ತೆಗೆದು ಕೊಟ್ಟುಬಿಡುವಂಥದ್ದು. ಹೋಲ್‌ಸೇಲಿನವನಿಗೆ ಕೊಡಬೇಕಾದ್ದು ಕಳೆ.

ಈ ಕಳೆಯುವ ವಿಷಯಕ್ಕೆ ನಿನ್ನ ಭಾವನಿಗೂ ನನಗೂ ಪ್ರತಿ ವರ್ಷ ವಾದ. ಅವರು ಭಟ್ಕಳದ ನವಾಯತರು, ಶಾಫಿಗಳು. ಅವರ ಕಡೆ ಸಾಲ ಇದ್ದರೂ ಕಳೆಯುವುದಿಲ್ಲ, ಕೈಯಲ್ಲಿರುವುದಕ್ಕೆ ಪೂರಾ ಝಕಾತ್. ಆದರೆ ಹೆಂಗಸರು ಹಾಕಿಕೊಳ್ಳುವ ಒಡವೆಗೆ ಅವರಲ್ಲಿ ಝಕಾತ್ ಇಲ್ಲ, ನಮ್ಮಲ್ಲಿ ಇದೆ. ಮದುವೆಯಾದ ಹೊಸದರಲ್ಲಿ ನನಗೊಂದು ಉಪಾಯ ಹೊಳೆದಿತ್ತು. ಬಳೆಗೆ ಅತ್ತೆಮನೆಯ ಮಝ್‌ಹಬ್, ಸಾಲಕ್ಕೆ ತವರಿನ ಮಝ್‌ಹಬ್! ಅಬ್ಬಾನಿಗೆ ಹೇಳಿದೆ. “ಎರಡು ಅಂಗಡಿಗೆ ಹೋಗಿ ಎರಡೂ ಕಡೆ ಬರೀ ರಿಯಾಯತಿ ಎತ್ತಿಕೊಂಡು ಬರುವ ಗಿರಾಕಿ ನನಗೆ ಗೊತ್ತು, ಅವರಿಗೆ ನಾನು ಉದ್ರಿ ಕೊಡೋದಿಲ್ಲ” ಅಂದರು. ಅಂದಿನಿಂದ ಬಳೆ ತೂಗಿಸುತ್ತಿದ್ದೇನೆ.

ಈಗ ಉದ್ರಿ.

ವಹಿಯಲ್ಲಿ ಎರಡು ಥರದ ಉದ್ರಿ ಇದೆ. ಬರುವುದು, ಬರದೇ ಇರುವುದು. ತಿಂಗಳ ಸಂಬಳವಾದ ಕೂಡಲೇ ತಂದು ಕೊಡುವವರದು ನಿನ್ನ ದುಡ್ಡೇ, ಅವರ ಮನೆಯಲ್ಲಿ ಇದೆ ಅಷ್ಟೇ. ಅದನ್ನು ಕೂಡಿಸಬೇಕು. ಊರು ಬಿಟ್ಟವರದು, ಸತ್ತವರದು, ಕೇಳಿದರೆ ಮುಖ ತಿರುಗಿಸುವವರದು ಈಗ ಕೂಡಿಸಬೇಕಾಗಿಲ್ಲ. ಎಂದಾದರೂ ಬಂದರೆ ಆಗ ಹಜರತ್‌ರನ್ನು ಕೇಳಿ ಅದರ ಲೆಕ್ಕ ನೋಡೋಣ.

ಹಾಗಾದರೆ ಬರದ ಇಪ್ಪತ್ತೊಂದು ಸಾವಿರವನ್ನು ಝಕಾತ್ ಅಂತ ಯಾಕೆ ಹೊಡೆದು ಹಾಕಬಾರದು? ಝಕಾತ್ ಅಂದರೆ ತೆಗೆದುಕೊಳ್ಳುವವನನ್ನು ಅದಕ್ಕೆ ಮಾಲೀಕ ಮಾಡುವುದು. ಅದು ಅವನ ಕೈಗೆ ಬರಬೇಕು, ಅದರಿಂದ ಅವನು ಅಕ್ಕಿ ತಂದಾನು, ಔಷಧಿ ತಂದಾನು, ಮಗಳಿಗೆ ರಿಬ್ಬನ್ ತಂದಾನು. ಅವನ ಮರ್ಜಿ. ನೀನು ವಹಿಯಲ್ಲಿ ಗೀಟು ಎಳೆದರೆ ಅವನ ಕೈಗೆ ಏನು ಬಂತು? ಅವನಿಗೆ ಗೊತ್ತೂ ಆಗುವುದಿಲ್ಲ. ನಿನ್ನ ಗಲ್ಲೆಯಿಂದ ಒಂದು ರೂಪಾಯಿಯೂ ಕದಲಲಿಲ್ಲ. ಹೇಗೂ ಮುಳುಗಿದ ದುಡ್ಡನ್ನು ದೇವರ ಲೆಕ್ಕಕ್ಕೆ ಜಮಾ ಮಾಡಿ ನಿನ್ನದನ್ನು ಉಳಿಸಿಕೊಂಡೆ. ಮಾಫ್ ಮಾಡುವುದು ದೊಡ್ಡದೇ, ಖಂಡಿತ ಮಾಡು, ಅದಕ್ಕೆ ಬೇರೆ ಪುಣ್ಯ ಇದೆ. ಝಕಾತಿನ ಬದಲಿಗೆ ನಡೆಯುವುದಿಲ್ಲ. ಸಾಲಗಾರ ನಿಜವಾಗಿ ಬಡವನಾಗಿದ್ದರೆ ಮೊದಲು ಝಕಾತಿನ ದುಡ್ಡು ಅವನ ಕೈಯಲ್ಲಿಡು, ಷರತ್ತು ಹಾಕಬೇಡ. ಆಮೇಲೆ ಅವನಾಗಿ ತಂದು ಸಾಲ ತೀರಿಸಿದರೆ ತೀರಿಸಲಿ, ಬಿಟ್ಟರೆ ಬಿಡಲಿ.

ಇನ್ನೂ ಒಂದಿದೆ. ಆ ವಹಿಯ ಹೆಸರುಗಳಲ್ಲಿ ಹೆಚ್ಚಿನವು ನಮ್ಮ ಜಮಾತಿನವಲ್ಲ. ಝಕಾತ್ ಮುಸಲ್ಮಾನ ಬಡವರಿಗೆ ಅಂತಲೇ ಹಜರತ್‌ಗಳು ಹೇಳುವುದು, ಸದಕಾ ಯಾರಿಗಾದರೂ ಕೊಡಬಹುದು. ಅಬ್ಬಾ ಎರಡು ಡಬ್ಬ ಇಟ್ಟಿದ್ದರು, ನೆನಪಿದೆಯಾ? ದೊಡ್ಡದು ಸದಕಾದ್ದು. ಜೂನಿನಲ್ಲಿ ಶಾಲೆ ಶುರುವಾಗುವಾಗ ಗೌಳಿವಾಡೆಯ ಮಕ್ಕಳಿಗೆ ನೋಟುಬುಕ್ಕು ಅದರಿಂದಲೇ ಹೋಗುತ್ತಿತ್ತು. ಸಣ್ಣ ಡಬ್ಬ ಲೆಕ್ಕದ್ದು, ದೊಡ್ಡ ಡಬ್ಬ ಲೆಕ್ಕ ಇಲ್ಲದ್ದು. ದೊಡ್ಡದನ್ನು ಈಗ ನೀನು ಚಾರ್ಜರ್ ವಯರು ಇಡಲಿಕ್ಕೆ ಮಾಡಿಕೊಂಡದ್ದನ್ನು ನಾನು ಬಂದಾಗ ನೋಡಿದ್ದೇನೆ.

ಈಗ ಕೂಡಿಸೋಣ. ಜನವರಿ ಕೊನೆಯಲ್ಲಿ ಹೊಸ ಫ್ರಿಜ್ಜಿನ ಸಾಲಕ್ಕೆ ಅಂತ ನೀನು ಎಣಿಸಿ ಕಳಿಸಿದ ಫೋಟೋಗಳು ನನ್ನ ಹತ್ತಿರ ಇವೆ, ರಜಬ್‌ಗೆ ಸರಿಯಾಗಿ ಸಿಕ್ಕವು. ಸರಕು, ಮಾರುವ ಬೆಲೆಯಲ್ಲಿ, 1,84,000. ಗಲ್ಲೆ, ಬ್ಯಾಂಕು ಸೇರಿ 75,000. ಬರುವ ಉದ್ರಿ 38,000. ಒಟ್ಟು 2,97,000. ಹೋಲ್‌ಸೇಲಿನವರಿಗೆ 57,000 ಕಳೆದರೆ 2,40,000. ಝಕಾತ್ ಇದರ ನಲವತ್ತರಲ್ಲಿ ಒಂದು ಪಾಲು, 6,000 ರೂಪಾಯಿ. ಮುಗಿಯಿತಲ್ಲ, ಇಷ್ಟಕ್ಕೆ ಇಷ್ಟು ಉದ್ದ ಕಾಗದವೇ ಅಂತ ನೀನು ಅನ್ನುತ್ತೀ.

ಮುಗಿಯಲಿಲ್ಲ. ಈ ಕಾಗದವನ್ನು ಬರೆಯಲು ಮೂರು ದಿನ ತೆಗೆದುಕೊಂಡದ್ದು ಇಲ್ಲಿಂದ ಮುಂದಿನದಕ್ಕೆ.

ಝಕಾತ್ ಅಂಗಡಿಗೆ ಇಲ್ಲ, ಮನುಷ್ಯನಿಗೆ. ಆ ಎರಡು ಲಕ್ಷದ ನಲವತ್ತು ಸಾವಿರ ಯಾರದು? “ನನ್ನ ಝಕಾತ್” ಅಂದೆ ನೀನು ಫೋನಿನಲ್ಲಿ. ಬೋರ್ಡಿನ ಮೇಲೆ ನಿನ್ನ ಹೆಸರು ಬರೆಸಿದ್ದೀಯ, ಬರೆಸು, ನನಗೆ ಸಂತೋಷವೇ. ಆದರೆ ಅಬ್ಬಾ ಹೋಗಿ ಒಂದು ವರ್ಷ ದಾಟಿತು, ನಾವು ಮೂವರೂ ಕೂತು ಪಾಲಿನ ಮಾತು ಎತ್ತಲೇ ಇಲ್ಲ. ದಫನಿನ ಖರ್ಚು, ಅವರ ಸಾಲ ಎಲ್ಲ ನೀನು ಸರಿಯಾಗಿ ತೀರಿಸಿದೆ, ಅಷ್ಟಕ್ಕೆ ನಿಂತೆವು. ದಾದಾ ದಾದಿ ಮೊದಲೇ ಹೋಗಿರುವುದರಿಂದ ನಮ್ಮದು ಸುಲಭದ ಲೆಕ್ಕ. ಅಮ್ಮಿಗೆ ಎಂಟರಲ್ಲಿ ಒಂದು. ಉಳಿದದ್ದರಲ್ಲಿ ನಿನಗೆ ಎರಡು, ನನಗೆ ಒಂದು. ಒಟ್ಟಿಗೆ ಇಪ್ಪತ್ತನಾಲ್ಕು ಪಾಲು ಮಾಡಿದರೆ ಅಮ್ಮಿಗೆ ಮೂರು, ನಿನಗೆ ಹದಿನಾಲ್ಕು, ನನಗೆ ಏಳು. ಪಾಲಿಗೆ ಹತ್ತು ಸಾವಿರ.

ಅಂದರೆ ನಿನ್ನದು 1,40,000, ಝಕಾತ್ 3,500. ನನ್ನದು 70,000, ಬೆಳ್ಳಿಯ ನಿಸಾಬ್ ದಾಟುತ್ತದೆ, 1,750. ಅಮ್ಮಿಯದು 30,000, ಅಷ್ಟೇ ಆಗಿದ್ದರೆ ಅವಳಿಗೆ ಏನೂ ಇಲ್ಲ. ಆದರೆ ಅವಳ ನಾಲ್ಕು ತೊಲೆ ಬಳೆ ಇದರ ಜೊತೆ ಕೂಡಬೇಕು, ಆಗ ಅವಳೂ ಕೊಡಬೇಕಾಗುತ್ತದೆ. ಅಂಗಡಿಯದು 750, ಬಳೆಯದು ಅವತ್ತಿನ ಚಿನ್ನದ ಬೆಲೆ ನೋಡಿ.

ನೀನು ಒಂದು ವರ್ಷ ಬೆಳಗಿನ ಆರಕ್ಕೆ ಬಾಗಿಲು ತೆಗೆದು ದುಡಿದಿದ್ದೀಯ. ಅದಕ್ಕೆ ಕೂಲಿ ಎಷ್ಟು ಅಂತ ಕೂತು ಮಾತಾಡಬೇಕು. ಅದು ಬಂದರೆ ಮೇಲಿನ ಅಂಕಿಗಳೆಲ್ಲ ಬದಲಾಗುತ್ತವೆ, ನಿನ್ನ ಕಡೆಗೇ ಬದಲಾಗುತ್ತವೆ. ಬದಲಾಗಲಿ. ಗೋಡೆಗೂ ಹಂಚಿಗೂ ಝಕಾತ್ ಇಲ್ಲ ಅಂದೆನಲ್ಲ, ಪಾಲು ಮಾತ್ರ ಅವಕ್ಕೂ ಇದೆ.

ಓದುತ್ತಾ ನಿನ್ನ ಮುಖ ಹೇಗಾಗಿರಬಹುದು ಅಂತ ಇಲ್ಲಿಂದಲೇ ಕಾಣುತ್ತದೆ. ಆಪಾಳಿಗೆ ಸಂಬಳ ಬರುತ್ತದೆ, ಭಾವನಿಗೆ ಅಂಗಡಿ ಇದೆ, ಈಗ ಯಾಕೆ ಅಂತ. ನಮ್ಮ ಓಣಿಯಲ್ಲಿ ಅಕ್ಕತಂಗಿಯರು ಪಾಲು ಬಿಟ್ಟುಕೊಡುವುದನ್ನೇ ಮರ್ಯಾದೆ ಅನ್ನುತ್ತಾರೆ. ಬಿಟ್ಟುಕೊಟ್ಟ ಮೇಲೆ ತವರಿಗೆ ಬಂದರೆ ಒಂದು ಸೀರೆ, ಒಂದು ಕೋಳಿ ಸಾರು. ನಾನು ಪಾಲು ಕೇಳುತ್ತಿಲ್ಲ, ಬಿಡುತ್ತಲೂ ಇಲ್ಲ. ಎಣಿಸು ಅಂತ ಹೇಳುತ್ತಿದ್ದೇನೆ. ಎಣಿಸದೇ ಇದ್ದದ್ದನ್ನು ಕೊಡಲಿಕ್ಕೂ ಬರುವುದಿಲ್ಲ, ಬಿಡಲಿಕ್ಕೂ ಬರುವುದಿಲ್ಲ. ನನ್ನ 70,000 ಅಂಗಡಿಯಲ್ಲೇ ಓಡಲಿ, ಅದರ ಝಕಾತ್ ನಾನು ಕೊಡುತ್ತೇನೆ, ನನ್ನ ಸಂಬಳದಿಂದ. ಅದಕ್ಕೆ ನನ್ನದು ಎಷ್ಟು ಅಂತ ನಿನ್ನ ಕೈಬರಹದಲ್ಲಿ ನನಗೆ ಬೇಕು.

ಇನ್ನು ಕೊಡುವುದು ಯಾರಿಗೆ ಅನ್ನುವುದು. ಅತ್ತೌಬಾ ಅಧ್ಯಾಯದ 60ನೇ ವಚನದಲ್ಲಿ ಎಂಟು ಥರದವರ ಹೆಸರಿದೆ, ದೂರ ಹೋಗಬೇಡ, ಬಡವರು, ಸಾಲದಲ್ಲಿ ಮುಳುಗಿದವರು ನಮ್ಮ ಸುತ್ತಲೇ ಇದ್ದಾರೆ. ತಂದೆತಾಯಿಗೆ, ಮಕ್ಕಳಿಗೆ, ಗಂಡಹೆಂಡತಿಗೆ ಕೊಡುವ ಹಾಗಿಲ್ಲ, ಅವರನ್ನು ಸಾಕುವುದು ಹೇಗೂ ನಮ್ಮ ಹೊಣೆ. ಉಳಿದ ನೆಂಟರಿಗೆ ಕೊಡಬಹುದು, ಕೊಟ್ಟರೆ ಎರಡು ಪುಣ್ಯ, ದಾನದ್ದೊಂದು, ಸಂಬಂಧದ್ದೊಂದು. ಮುಂಡಗೋಡಿನ ಫೂಫಿಗೆ ಕಣ್ಣಿನ ಆಪರೇಷನ್ನು ಆಗಬೇಕು. ಝಕಾತ್ ಅಂದರೆ ಆ ಹೆಂಗಸು ಬಾಗಿಲು ಹಾಕಿಕೊಳ್ಳುತ್ತಾಳೆ. ಹೇಳಬೇಕು ಅಂತ ಇಲ್ಲ, ಕೊಡುವಾಗ ನಿನ್ನ ಮನಸ್ಸಿನಲ್ಲಿ ನಿಯ್ಯತ್ ಇದ್ದರೆ ಸಾಕು. ಅಬ್ಬಾ ಪ್ರತಿ ವರ್ಷ ಈದಿನ ಬಟ್ಟೆಯ ಮಡಿಕೆಯಲ್ಲಿ ಲಕೋಟೆ ಇಟ್ಟು “ಅಣ್ಣನ ಈದಿ” ಅಂತ ಕೊಟ್ಟು ಬರುತ್ತಿದ್ದರು. ಅದು ಏನು ಅಂತ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹೋದ ವರ್ಷ ಆ ಲಕೋಟೆ ಹೋಗಲಿಲ್ಲ.

ನಾನು ಆಲಿಮಾ ಅಲ್ಲ, ಗಣಿತದ ಟೀಚರು. ಇಷ್ಟನ್ನೂ ದಾಂಡೇಲಿಯ ಮಸೀದಿಯ ಹಜರತ್‌ರಿಗೆ ತೋರಿಸಿ ಒಂದು ಸಲ ಕೇಳು. ಮುಂದಿನ ಭಾನುವಾರ ನಾನು ಬರುತ್ತೇನೆ. ಅಮ್ಮಿಗೆ ಬಳೆ ತೆಗೆದಿಡಲು ಹೇಳು, ಸೋಪು ಹಚ್ಚದಿದ್ದರೆ ಅವು ಇಳಿಯುವುದಿಲ್ಲ. ಬಾಗಿಲಿಗೆ ತೂಗು ಹಾಕಿದ ಗುಟ್ಕಾದ ಮಾಲೆ ನಾನು ಬರುವ ಹೊತ್ತಿಗೆ ಅಲ್ಲಿ ಇರಬಾರದು, ಅಬ್ಬಾ ಇದ್ದಾಗ ಇರಲಿಲ್ಲ. ಚಾರ್ಜರ್ ವಯರು ಬೇರೆ ಕಡೆ ಇಡು.

ಮತ್ತೆ, ವಹಿಗೆ ಗೀಟು ಎಳೆಯಬೇಡ ಅಂತ ಹೇಳಲಿಕ್ಕೆ ಇನ್ನೊಂದು ಕಾರಣ ಇದೆ. ಬರದ ಇಪ್ಪತ್ತೊಂದು ಸಾವಿರದಲ್ಲಿ 336 ರೂಪಾಯಿ ನನ್ನದು. ಟೀಚರ್ ಟ್ರೈನಿಂಗಿನ ವರ್ಷ ಬಸ್ಸಿಗೆ ಹೋಗುವಾಗೆಲ್ಲ ಪೆಪ್ಪರಮಿಂಟು, ಪೆನ್ನು, ಒಂದು ಛತ್ರಿ ಎತ್ತಿಕೊಂಡು ನನ್ನ ಹೆಸರಿನಲ್ಲಿ ನಾನೇ ಬರೆದಿಟ್ಟಿದ್ದೆ. ಅಬ್ಬಾ ಒಂದು ದಿನವೂ ಕೇಳಲಿಲ್ಲ, ಹೊಡೆದೂ ಹಾಕಲಿಲ್ಲ. ಭಾನುವಾರ ತಂದು ಕೊಡುತ್ತೇನೆ. ಅದರಲ್ಲಿ ಏಳು ಪಾಲು, 98 ರೂಪಾಯಿ, ನನಗೇ ಬರಬೇಕಾದ್ದು. ಅಷ್ಟನ್ನು ಹಿಡಿದುಕೊಂಡು 238 ಕೊಡುತ್ತೇನೆ. ಚಿಲ್ಲರೆ ತೆಗೆದಿಟ್ಟಿರು.

ನಿನ್ನ
ಆಪಾ